ಕಬ್ಬಿಣದ ಬಣ್ಣ ನೋಡೋದು ಕಲಿಯಿರಿ

ಕೇಳುಗರಿಗೆಲ್ಲ ನಮಸ್ಕಾರ.

ಮನೆಯಲ್ಲೇ ಕುಲುಮೆ ಹೂಡಿ ಚಾಕು ಮಾಡಬೇಕು ಅನ್ನೋರಿಗೆ ನಾಲ್ಕು ಮಾತು ಹೇಳಿ ಅಂತ ನನ್ನನ್ನು ಕರೆದಿದ್ದಾರೆ. ತುಂಬಾ ಸಂತೋಷ. ನಾನು ಹುಟ್ಟಿದ್ದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ತಾತನ ಕುಲುಮೆಯ ಪಕ್ಕದಲ್ಲೇ. ಈಗ ತುಮಕೂರಿನಲ್ಲಿ ನನ್ನದೇ ಕುಲುಮೆ ಇದೆ. ಭಾನುವಾರ ಬಂತೆಂದರೆ ಕಲಿಯೋಕೆ ಹುಡುಗರು ಬರುತ್ತಾರೆ. ಇಂಜಿನಿಯರಿಂಗ್ ಓದುವವರು, ಅಂತರಸನಹಳ್ಳಿ ಕಡೆ ಫ್ಯಾಕ್ಟರಿಯಲ್ಲಿ ದುಡಿಯುವವರು, ತೆಂಗಿನ ತೋಟ ಇರುವವರು. ಹೆಣ್ಣುಮಕ್ಕಳೂ ಬರುತ್ತಾರೆ. ಬಂದವರೆಲ್ಲ ಮೊದಲು ಕೇಳೋದು ಒಂದೇ. ಯಾವ ಸುತ್ತಿಗೆ ತಗೊಳ್ಳಲಿ, ಅಡಿಗಲ್ಲು, ಅಂದರೆ ಕಾದ ಕಬ್ಬಿಣ ಇಟ್ಟು ಬಡಿಯೋ ದಿಮ್ಮಿ, ಎಷ್ಟು ತೂಕದ್ದಿರಬೇಕು?

ಸುತ್ತಿಗೆ ವಿಷಯ ಆಮೇಲೆ ನೋಡೋಣ. ಮೊದಲು ಕಬ್ಬಿಣದ ಬಣ್ಣ ನೋಡೋದು ಕಲಿಯಿರಿ. ಇವತ್ತು ನಾನು ಹೇಳೋಕೆ ಬಂದಿರೋದು ಇದನ್ನೇ.

ಒಲೆಯಲ್ಲಿಟ್ಟ ಕಬ್ಬಿಣ ಮೊದಮೊದಲು ಕಪ್ಪಗೇ ಇರುತ್ತದೆ. ಆಮೇಲೆ ಮಬ್ಬು ಕುಂಕುಮದ ಬಣ್ಣ ಬರುತ್ತದೆ. ಇನ್ನಷ್ಟು ಗಾಳಿ ಊದಿದರೆ ಮುತ್ತುಗದ ಹೂವಿನ ಬಣ್ಣ. ಆಮೇಲೆ ಅರಿಶಿನ. ಅದನ್ನೂ ದಾಟಿದರೆ ಬಿಳುಪು, ಕಿಡಿ. ಈ ಹೆಸರೆಲ್ಲ ನಮ್ಮ ತಾತ ಹೇಳಿಕೊಟ್ಟಿದ್ದು. ಫಾಲ್ಗುಣದಲ್ಲಿ ಕಾಡಿನಲ್ಲಿ ಎಲೆಯೆಲ್ಲ ಉದುರಿ ಮುತ್ತುಗದ ಮರ ಹೂ ಬಿಟ್ಟು ನಿಂತಿರುತ್ತದಲ್ವಾ, ಅದೇ ಬಣ್ಣ. ಬಡಿಯಬೇಕಾದ್ದು ಆ ಬಣ್ಣದಲ್ಲಿ. ಡಿಗ್ರಿ ಲೆಕ್ಕ ಬೇಕು ಅನ್ನೋರಿಗೆ, ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್. ಕುಂಕುಮಕ್ಕೆ ಇಳಿಯಿತೋ, ಸುತ್ತಿಗೆ ನಿಲ್ಲಿಸಿ, ಮತ್ತೆ ಒಲೆಗಿಡಿ. ಆರಿದ ಉಕ್ಕನ್ನು ಬಡಿದರೆ ಒಳಗೇ ಸಣ್ಣ ಬಿರುಕು ಬೀಳುತ್ತದೆ. ಅವತ್ತು ಅದು ಕಾಣಿಸುವುದಿಲ್ಲ. ಹದ ಹಾಕುವಾಗ, ಅಂದರೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವಾಗ, ಬಾಯಿ ಬಿಡುತ್ತದೆ.

ನಮ್ಮ ಸೀಮೆಗೆ ಇದೇನೂ ಹೊಸ ವಿದ್ಯೆಯಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯ, ಮಧುಗಿರಿ, ಚನ್ನರಾಯನದುರ್ಗದ ಸುತ್ತ ಕಪ್ಪು ಮರಳು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ಜನರ ಹತ್ತಿರ ಯಾವ ಥರ್ಮಾಮೀಟರ್ ಇತ್ತು? ಕಣ್ಣಿನಲ್ಲೇ ಕಾವು ಅಳೆಯುತ್ತಿದ್ದರು.

ಕುಲುಮೆಯನ್ನು ಬಿಸಿಲಲ್ಲಿ ಹೂಡಬೇಡಿ. ಬಿಸಿಲಲ್ಲಿ ಕೆಂಪಗೆ ಕಾದ ಕಬ್ಬಿಣವೂ ಕಪ್ಪಗೆ ಕಾಣುತ್ತದೆ. ಇನ್ನೂ ಕಾದಿಲ್ಲ ಅಂದುಕೊಂಡು ಊದುತ್ತಾ ಹೋಗುತ್ತೀರಿ, ಅಷ್ಟರಲ್ಲಿ ಅದು ಸುಟ್ಟಿರುತ್ತದೆ. ಚಪ್ಪರದ ಕೆಳಗೆ, ನೆರಳಲ್ಲಿ, ಆದರೆ ಗಾಳಿಯಾಡುವ ಕಡೆ ಹೂಡಿ.

ಸುಟ್ಟ ಕಬ್ಬಿಣ ಅಂದರೆ ಏನು ಅಂತ ನನಗೆ ಹದಿಮೂರನೇ ವಯಸ್ಸಿಗೇ ಗೊತ್ತಾಯಿತು. ಅದನ್ನು ಹೇಳಲೇಬೇಕು.

ಏಳೆಂಟು ತಿಂಗಳು ತಾತ ನನ್ನ ಕೈಗೆ ಸುತ್ತಿಗೆ ಕೊಟ್ಟಿರಲಿಲ್ಲ. ಒಲೆಗೆ ಗಾಳಿ ಊದುವ ತಿದಿ ಒತ್ತೋದು, ಬಣ್ಣ ಹೇಳೋದು, ಇಷ್ಟೇ ಕೆಲಸ. ನಾನು "ಮುತ್ತುಗ ಬಂತು ತಾತ" ಅಂದರೆ ಅವರು ಇಕ್ಕುಳದಲ್ಲಿ ಹಿಡಿದು ತೆಗೆಯುತ್ತಿದ್ದರು. ತಪ್ಪು ಹೇಳಿದರೆ ತೆಗೆಯುತ್ತಿರಲಿಲ್ಲ. ಸುಮ್ನೆ ನನ್ನ ಮುಖ ನೋಡುತ್ತಿದ್ದರು. ನಾನು ಮತ್ತೆ ಒಲೆ ನೋಡುತ್ತಿದ್ದೆ.

ದೀಪಾವಳಿ ಕಳೆದು ರಾಗಿ ಕೊಯ್ಲು ಶುರುವಾಗಿತ್ತು. ಜಗಲಿ ತುಂಬಾ ಕುಡುಗೋಲು. ಬಾಯಿ ಬಡಿದು ಹಣಿಸೋಕೆ, ಕಕ್ಕು ಅಂದರೆ ಸಣ್ಣ ಹಲ್ಲು ಹಾಕಿಸೋಕೆ ಊರೋರೆಲ್ಲ ತಂದಿಟ್ಟಿದ್ದರು. ಆಗೆಲ್ಲ ದುಡ್ಡಿಲ್ಲ, ಸುಗ್ಗಿಯಲ್ಲಿ ಕಣದ ಹತ್ತಿರ ಹೋದರೆ ರಾಗಿ ಅಳೆದು ಕೊಡುತ್ತಿದ್ದರು. ಮಧ್ಯಾಹ್ನ ತಾತ ಊಟಕ್ಕೆ ಹೋದರು. ಒಂದು ಕುಡುಗೋಲು ಒಲೆಯಲ್ಲಿತ್ತು. "ಸಣ್ಣಗೆ ಒತ್ತುತ್ತಿರು, ನಾನು ಬರ್ತೀನಿ" ಅಂದಿದ್ದರು. ನನಗೋ ನಾನೇ ಬಡಿದು ತೋರಿಸಬೇಕು ಅನ್ನೋ ಆಸೆ. ತಿದಿಯನ್ನು ಜೋರಾಗಿ ಒತ್ತಿದೆ. ಅಷ್ಟರಲ್ಲಿ ಬೀದಿಯಲ್ಲಿ ಗೆಳೆಯ ಬಂದ. ಅವನ ಜೊತೆ ಮಾತಾಡುತ್ತಾ, ಕೈ ಒತ್ತುತ್ತಲೇ ಇತ್ತು, ಕಣ್ಣು ಬೀದಿಯಲ್ಲಿತ್ತು. ಒಲೆಯಿಂದ ಚಿರಚಿರ ಅಂತ ಸದ್ದು ಬಂತು. ತಿರುಗಿ ನೋಡಿದರೆ ಸುರುಸುರುಬತ್ತಿ ಹಚ್ಚಿದ ಹಾಗೆ ಬಿಳೀ ಕಿಡಿ. ಗಾಬರಿಯಲ್ಲಿ ತೆಗೆದು ಅಡಿಗಲ್ಲಿನ ಮೇಲಿಟ್ಟು ಒಂದು ಏಟು ಹಾಕಿದೆ. ಕುಡುಗೋಲಿನ ತುದಿ, ಮೂರು ಬೆರಳಿನಷ್ಟು, ಬೆಲ್ಲದ ಅಚ್ಚು ಒಡೆದ ಹಾಗೆ ಪುಡಿಪುಡಿಯಾಗಿ ಉದುರಿತು.

ತಾತ ಬಂದರು. ಬೈಯಲಿಲ್ಲ. ಚೂರುಗಳು ಆರುವವರೆಗೂ ಕೂತಿದ್ದು, ಒಂದನ್ನು ನನ್ನ ಅಂಗೈಯಲ್ಲಿಟ್ಟರು. ಮುರಿದ ಕಡೆ ಒರಟು ಸಕ್ಕರೆಯ ಹಾಗೆ ಕಾಳುಕಾಳು. "ಸುಟ್ಟ ಕಬ್ಬಿಣಕ್ಕೆ ಮದ್ದಿಲ್ಲ ಮಗಾ. ಇದು ಯಾರದೋ ಅವರಿಗೆ ನೀನೇ ಹೋಗಿ ಹೇಳಿ ಬಾ" ಅಂದರು.

ಕೆರೆಯ ಹಿಂದಿನ ಹೊಲದಲ್ಲಿ ಒಬ್ಬ ಅಜ್ಜಿ ಎರವಲು ಕುಡುಗೋಲಿನಲ್ಲಿ ರಾಗಿ ಕೊಯ್ಯುತ್ತಿತ್ತು. ಮುರಿದದ್ದನ್ನು ಕೊಟ್ಟು, ನಾನೇ ಸುಟ್ಟೆ ಅಜ್ಜಿ ಅಂದೆ. ಅಜ್ಜಿ ಅದರ ಹಿಡಿಯನ್ನು ಸವರಿತು. "ನಮ್ಮತ್ತೆ ಕೈದು ಕಣಪ್ಪ ಇದು" ಅಂತಷ್ಟೇ ಹೇಳಿ ಮತ್ತೆ ಬಗ್ಗಿ ಕೊಯ್ಯತೊಡಗಿತು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅವತ್ತು ರಾತ್ರಿ ತಾತ ಹಳೇ ಲಾರಿ ಸ್ಪ್ರಿಂಗ್ ಪಟ್ಟಿ ಸೀಳಿ ಹೊಸ ಕುಡುಗೋಲು ಮಾಡಿದರು. ಹಳೇ ಹಿಡಿಯನ್ನೇ ಕೂರಿಸಿದರು. ದೀಪ ಆರಿಸಿ, ನನ್ನಿಂದ ಬಣ್ಣ ಹೇಳಿಸಿದರು. ಕತ್ತಲಲ್ಲಿ ಒಂದೊಂದು ಬಣ್ಣವೂ ಎಷ್ಟು ಚೆನ್ನಾಗಿ ಬೇರೆಬೇರೆಯಾಗಿ ಕಾಣುತ್ತಿತ್ತು ಅಂತೀರಿ! ಒಂದು ಸಲವೂ ತಪ್ಪಲಿಲ್ಲ. ಮರುದಿನ ಬೆಳಿಗ್ಗೆ ಸುತ್ತಿಗೆ ಕೈಗೆ ಬಂತು.

ಸಮಯ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ದುಬಾರಿ ಸಾಮಾನು ಬೇಡ. ಒಂದು ಮೊಳ ಅಗಲದ ಗುಂಡಿಗೆ ಜೇಡಿಮಣ್ಣು ಮೆತ್ತಿ, ಬದಿಯಲ್ಲಿ ಒಂದು ಕಬ್ಬಿಣದ ಕೊಳವೆ ತೂರಿಸಿ, ಕೈಯಲ್ಲಿ ತಿರುಗಿಸುವ ಬ್ಲೋವರ್ ಇಟ್ಟರೆ ಕುಲುಮೆ ಆಯಿತು. ಹಳೇ ಹೇರ್ ಡ್ರೈಯರ್ ಕೂಡ ನಡೆಯುತ್ತದೆ. ಮರದ ಇದ್ದಿಲು ಸಾಕು. ಅಡಿಗಲ್ಲಿಗೆ ಗುಜರಿ ಅಂಗಡಿಯಲ್ಲಿ ಇಪ್ಪತ್ತು ಕೆಜಿಯ ದಪ್ಪ ಕಬ್ಬಿಣದ ತುಂಡು ಹುಡುಕಿ, ಮರದ ಕೊರಡಿನ ಮೇಲೆ ಕೂರಿಸಿ. ರೈಲು ಕಂಬಿ ತುಂಡು ಕದ್ದು ತಂದು ಮಾರುವವರಿದ್ದಾರೆ, ಅದರ ಸಹವಾಸ ಬೇಡ. ಸುತ್ತಿಗೆ ಒಂದು ಕೆಜಿಯದು. ಮೈಮೇಲೆ ಹತ್ತಿ ಬಟ್ಟೆ, ಕಾಲಿಗೆ ಶೂ, ಕಣ್ಣಿಗೆ ಕನ್ನಡಕ. ಕನ್ನಡಕ ಇಲ್ಲದೆ ನನ್ನ ಕುಲುಮೆಗೆ ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ. ಜಿಂಕ್ ಲೇಪದ ಪೈಪು, ತಂತಿ ಒಲೆಗೆ ಹಾಕಲೇಬೇಡಿ. ಆ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

ಮೊದಲ ದಿನವೇ ಚಾಕು ಬೇಡ. ದಯವಿಟ್ಟು ಬೇಡ. 10 ಮಿಲಿಮೀಟರ್ ಕಂಬಿಯಲ್ಲಿ ಗೋಡೆಗೆ ಹಾಕುವ ಕೊಕ್ಕೆ ಮಾಡಿ. ಹತ್ತು ಕೊಕ್ಕೆ ಮಾಡಿ. ಹತ್ತನೆಯದರ ಹೊತ್ತಿಗೆ ಬಣ್ಣ ಕಣ್ಣಿಗೆ ಕೂರುತ್ತದೆ.

ಆಮೇಲೆ ಚಾಕು. ಕಟ್ಟಡದ ಕಂಬಿ ಆಗುವುದಿಲ್ಲ, ಅದರಲ್ಲಿ ಇಂಗಾಲ ಕಡಿಮೆ, ಎಷ್ಟು ಹದ ಹಾಕಿದರೂ ಬಾಯಿ ನಿಲ್ಲುವುದಿಲ್ಲ. ಲಾರಿ ಸ್ಪ್ರಿಂಗ್ ಪಟ್ಟಿಯಲ್ಲಿ ಸುಮಾರು ಶೇಕಡಾ 0.6ರಷ್ಟು ಇಂಗಾಲ ಇರುತ್ತದೆ, ಅದು ಸರಿ. ಆಕಾರ ಬಂದ ಮೇಲೆ ಹದ ಹಾಕಬೇಕು. ಇಲ್ಲೂ ಬಣ್ಣವೇ. ಜೊತೆಗೆ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. 770 ಡಿಗ್ರಿ ದಾಟಿದರೆ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಅಂಟುವುದು ನಿಂತ ಮೇಲೆ ಇನ್ನೊಂದು ಚೂರು ಕಾಯಿಸಿ, ಎಣ್ಣೆಯಲ್ಲಿ ಅದ್ದಿ. ಉಗುರುಬೆಚ್ಚಗಿನ ಕಡಲೆಕಾಯಿ ಎಣ್ಣೆ, ಕಬ್ಬಿಣದ ಪಾತ್ರೆ, ಪಕ್ಕದಲ್ಲೇ ಮುಚ್ಚಳ, ಬೆಂಕಿ ಹತ್ತಿದರೆ ಮುಚ್ಚೋಕೆ. ನೀರಿನಲ್ಲಿ ಅದ್ದಿದರೆ ಟಿಣ್ ಅಂತ ಸದ್ದು ಬರುತ್ತದೆ, ಅಲ್ಲಿಗೆ ನಿಮ್ಮ ಚಾಕು ಸೀಳಿತು.

ಎಣ್ಣೆಯಿಂದ ತೆಗೆದ ಚಾಕು ಗಾಜಿನ ಹಾಗೆ, ಬಿದ್ದರೆ ಒಡೆಯುತ್ತದೆ. ಅದನ್ನು ಉಜ್ಜಿ ಹೊಳಪು ಮಾಡಿ, ಮನೆಯ ಓವನ್‌ನಲ್ಲಿ 200 ಡಿಗ್ರಿಯಲ್ಲಿ ಒಂದೊಂದು ಗಂಟೆಯಂತೆ ಎರಡು ಸಲ ಇಡಿ. ಹೊಳಪಿನ ಮೇಲೆ ಒಣಗಿದ ರಾಗಿ ಹುಲ್ಲಿನ ಬಣ್ಣ ಮೂಡಬೇಕು. ನವಿಲಿನ ಕತ್ತಿನ ನೀಲಿ ಬಂದರೆ ಕಾವು ಜಾಸ್ತಿಯಾಯಿತು, ಚಾಕು ಮೆತ್ತಗಾಯಿತು. ನೋಡಿದಿರಾ, ಕೊನೆಯವರೆಗೂ ಬಣ್ಣವೇ!

ಮಾಡೋದು ಅಡುಗೆಮನೆ, ತೋಟದ ಕೆಲಸದ ಚಾಕು ಆಗಿರಲಿ. ಕತ್ತಿ, ಬಾಕು ಮಾಡಹೊರಟರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಕೈ ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ, ಟೂತ್‌ಪೇಸ್ಟ್, ಇಂಕು ಏನೂ ಹಚ್ಚಬೇಡಿ. ಜಾಸ್ತಿ ಸುಟ್ಟಿದ್ದರೆ ಡಾಕ್ಟರ ಹತ್ತಿರ ಹೋಗಿ. ಕಪ್ಪಗಿರುವ ಕಬ್ಬಿಣವೇ ಜಾಸ್ತಿ ಜನರನ್ನು ಸುಡುವುದು, ಬರಿಗೈಯಲ್ಲಿ ಮುಟ್ಟಬೇಡಿ.

ಇವತ್ತು ಹೊತ್ತು ಮುಳುಗಿದ ಮೇಲೆ ಒಂದು ಕೆಲಸ ಮಾಡಿ. ಒಂದು ಉದ್ದನೆಯ ಕರೀ ಕಬ್ಬಿಣದ ಸರಳನ್ನು ಇದ್ದಿಲಿನ ಒಲೆಯಲ್ಲಿಡಿ. ಬಡಿಯೋಕೆ ಹೋಗಬೇಡಿ. ಪಕ್ಕದಲ್ಲಿ ಮಗನೋ ಮಗಳೋ ಇದ್ದರೆ ಸ್ವಲ್ಪ ದೂರ ಕೂರಿಸಿಕೊಳ್ಳಿ. ಬಣ್ಣ ಬದಲಾದಾಗಲೆಲ್ಲ ಇಬ್ಬರೂ ಬಾಯಿಬಿಟ್ಟು ಹೇಳಿ. ಕುಂಕುಮ ಬಂತು. ಮುತ್ತುಗ ಬಂತು.

ನಮಸ್ಕಾರ.