ನೆಲದ ಮೇಲಿನ ಕೆಂಪು ಚುಕ್ಕೆ: ಗಾಲ್ಫ್ ಬೀಸಿನ ಅಭ್ಯಾಸಕ್ಕೆ ಲೇಸರ್

ಮಾನ್ಯರೇ,

ಶಿವಮೊಗ್ಗದಲ್ಲಿ ಗಾಲ್ಫ್ ಕುರಿತು ಉಪನ್ಯಾಸವೆಂದಾಗ ನಿಮ್ಮಲ್ಲಿ ಕೆಲವರಿಗೆ ನಗು ಬಂದಿದ್ದರೆ ಆಶ್ಚರ್ಯವಿಲ್ಲ. ನನ್ನ ಮನೆಯವರಿಗೂ ಬಂದಿತ್ತು. ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ಟನ್ನು ಕೊಂಡಾಡುತ್ತ ಬೆಳೆದ ಸೀಮೆ ನಮ್ಮದು. ಇಲ್ಲಿ ಚೆಂಡಿಗೆ ಹೊಡೆಯುವುದೆಂದರೆ ಕ್ರಿಕೆಟ್ಟೇ. ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದ ಮೇಲೆ ನನಗೆ ಗಾಲ್ಫಿನ ಹುಚ್ಚು ಹತ್ತಿತು. ತರೀಕೆರೆ ಹಾದು ಚಿಕ್ಕಮಗಳೂರಿಗೆ ಹೋಗಿ ಆಡಿಬರುತ್ತೇನೆ. ಮಳೆ ಹಿಡಿದರೆ ಅದೂ ಇಲ್ಲ. ಆಷಾಢ ಶ್ರಾವಣಗಳಲ್ಲಿ ಜಗಲಿಯಲ್ಲೇ ನಿಂತು, ಲೇಸರ್ ಕೂರಿಸಿದ ಕೋಲೊಂದನ್ನು ಬೀಸುತ್ತ ನಾನು ಕಲಿತದ್ದನ್ನು, ಮತ್ತು ಮೊದಲ ವರ್ಷ ಅದನ್ನು ತಪ್ಪಾಗಿ ಬಳಸಿ ಕೆಟ್ಟದ್ದನ್ನು, ಇಂದು ನಿಮ್ಮ ಮುಂದಿಡುತ್ತೇನೆ.

ಆಟದ ಅಳತೆಗಳಿಂದಲೇ ಆರಂಭಿಸುವುದು ಒಳ್ಳೆಯದು. ಗಾಲ್ಫ್ ಚೆಂಡಿನ ವ್ಯಾಸ 42.67 ಮಿಲಿಮೀಟರಿಗೆ ಕಡಿಮೆಯಿರಬಾರದು, ತೂಕ 45.93 ಗ್ರಾಮಿಗೆ ಮೀರಬಾರದು. ಅದು ಬೀಳಬೇಕಾದ ಕುಳಿಯ ವ್ಯಾಸ 108 ಮಿಲಿಮೀಟರ್. ದೂರದ ಹೊಡೆತದಲ್ಲಿ ಕ್ಲಬ್ಬಿನ (ಗಾಲ್ಫ್ ಕೋಲಿನ) ತಲೆಯೂ ಚೆಂಡೂ ಪರಸ್ಪರ ತಾಗಿರುವ ಅವಧಿ ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ. ಹೆಗಲ ಮೇಲಿಂದ ಕೋಲು ಕೆಳಗಿಳಿದು ಚೆಂಡನ್ನು ಮುಟ್ಟುವುದಕ್ಕೆ ಹಿಡಿಯುವ ಕಾಲ ಕಾಲು ಸೆಕೆಂಡಿನ ಆಸುಪಾಸು. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಬೇಕಾಗುವ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಎಂದರೆ, ಬೀಸು ಕೆಳಮುಖವಾಗಿ ಹೊರಟ ಮೇಲೆ ಅದನ್ನು ನೋಡಿಕೊಂಡು ತಿದ್ದುವ ಅವಕಾಶವೇ ಇಲ್ಲ. ಲೇಸರ್ ಚುಕ್ಕೆಯನ್ನು ನೋಡುತ್ತ ಪೂರ್ಣ ವೇಗದಲ್ಲಿ ಬೀಸುವವರು ಬೆಳಕನ್ನು ನೋಡುತ್ತಿಲ್ಲ, ಬರಿಯ ಗೀರನ್ನು ನೋಡುತ್ತಿದ್ದಾರೆ. ಈ ಉಪಕರಣ ನಿಧಾನದ ಬೀಸಿಗಾಗಿ ಇರುವುದು; ಇದನ್ನು ಮರೆತರೆ ಮುಂದಿನ ಯಾವ ಮಾತಿಗೂ ಅರ್ಥವಿರುವುದಿಲ್ಲ.

ಕ್ರಿಕೆಟ್ಟಿನಲ್ಲಿ ನೇರ ಬ್ಯಾಟಿನ ಡ್ರೈವ್ ಹೆಚ್ಚುಕಡಿಮೆ ಗೋಡೆಯಂತೆ ನೆಟ್ಟಗಿನ ಸಮತಲದಲ್ಲಿ ಸಾಗುತ್ತದೆ. ಗಾಲ್ಫಿನ ಬೀಸು ಓರೆಯಾದ ಸಮತಲದ್ದು. ಅಮೆರಿಕದ ಆಟಗಾರ ಬೆನ್ ಹೋಗನ್ 1957ರಲ್ಲಿ ಇದನ್ನು ವಿವರಿಸುವಾಗ, ಚೆಂಡಿನಿಂದ ಹೆಗಲಿನವರೆಗೆ ಒರಗಿಸಿಟ್ಟ ದೊಡ್ಡ ಗಾಜಿನ ಹಲಗೆಯೊಂದನ್ನು ಕಲ್ಪಿಸಿಕೊಳ್ಳಿ ಎಂಬ ಚಿತ್ರವನ್ನು ಕೊಟ್ಟರು. ಮಲೆನಾಡಿನವರಿಗೆ ಗಾಜು ಬೇಕಿಲ್ಲ, ನಮ್ಮ ಹಂಚಿನ ಮಾಡು ಸಾಕು. ಸೂರಿನ ಅಂಚಿನಲ್ಲಿ ಚೆಂಡಿದೆ, ಮೇಲುಗಡೆ ನಿಮ್ಮ ಹೆಗಲಿದೆ, ಕೋಲು ಆ ಇಳಿಜಾರಿಗೆ ಹೊಂದಿಕೊಂಡು ಮೇಲೇರಿ ಕೆಳಗಿಳಿಯಬೇಕು ಎಂದುಕೊಳ್ಳಿ. ಕಷ್ಟವೆಂದರೆ, ಈ ಮಾಡು ಆಟಗಾರನಿಗೆ ಕಾಣುವುದಿಲ್ಲ. ಕೋಲು ಬೆನ್ನ ಹಿಂದೆ ಹೋದ ಕ್ಷಣದಿಂದ ಅದು ಎಲ್ಲಿದೆ ಎಂಬುದು ಅವನಿಗೆ ಊಹೆ ಮಾತ್ರ, ಮತ್ತು ಆ ಊಹೆ ಬಹಳ ಸಲ ಸುಳ್ಳು.

ಲೇಸರ್ ಇಲ್ಲಿ ಪ್ರವೇಶಿಸುತ್ತದೆ. ಗಿಡ್ಡನೆಯ ಕೋಲಿನ ಎರಡು ತುದಿಗಳಿಗೂ ಒಂದೊಂದು ಲೇಸರ್ ಡಯೋಡ್ ಕೂರಿಸಿರುತ್ತಾರೆ. ಕೋಲು ಯಾವ ದಿಕ್ಕಿಗೆ ಚಾಚಿದೆಯೋ ಕಿರಣವೂ ಅದೇ ದಿಕ್ಕಿಗೆ ಹೋಗುತ್ತದೆ. ಅಡಿಕೆ ತೋಟದಲ್ಲಿ ದೋಟಿ ಹಿಡಿದ ಕೊನೆಗಾರನನ್ನು ನೀವೆಲ್ಲ ನೋಡಿದ್ದೀರಿ. ಕೆಳಗೆ ಕೈ ತುಸು ಸರಿದರೆ ಮೇಲೆ ತುದಿ ಗೊನೆಯನ್ನೇ ಬಿಟ್ಟು ಆಚೆ ಹೋಗುತ್ತದೆ. ಲೇಸರ್ ಕಿರಣವೂ ತೂಕವಿಲ್ಲದ ದೋಟಿಯೇ. ಮಣಿಕಟ್ಟಿನ ಒಂದು ಡಿಗ್ರಿಯ ಹೊರಳು ಮೂರು ಮೀಟರ್ ದೂರದ ನೆಲದಲ್ಲಿ ಐದು ಸೆಂಟಿಮೀಟರ್ ಮೀರಿದ ಸರಿತವಾಗಿ ಕಾಣುತ್ತದೆ. (ಪ್ರಸಂಗವಶಾತ್ ಹೇಳುವುದಾದರೆ, ಈಚೆಗೆ ತೋಟಗಳಿಗೆ ಬಂದ ಕಾರ್ಬನ್ ಫೈಬರ್ ದೋಟಿಯೂ ಗಾಲ್ಫಿನವರು ಗ್ರಾಫೈಟ್ ಶಾಫ್ಟ್ ಎನ್ನುವ ಕೋಲೂ ಒಂದೇ ಕುಲದವು.)

ಅಭ್ಯಾಸಕ್ಕೆ ಮೊದಲು ಚೆಂಡಿರಬೇಕಾದ ಜಾಗದ ಮೂಲಕ, ಗುರಿಯ ದಿಕ್ಕಿಗೆ, ನೆಲದ ಮೇಲೊಂದು ಗೆರೆ ಎಳೆಯಬೇಕು. ಸೀಮೆಸುಣ್ಣವಾದರೂ ಆದೀತು, ರಂಗೋಲಿ ಹಿಟ್ಟಾದರೂ ಆದೀತು. ಕೋಲನ್ನು ಹಿಂದಕ್ಕೆ ತೆಗೆಯತೊಡಗಿದಾಗ ಕೆಳತುದಿಯ ಚುಕ್ಕೆ ಈ ಗೆರೆಯ ಆಸುಪಾಸಿನಲ್ಲೇ ಹೋಗಬೇಕು. ಕೋಲು ನೆಲಕ್ಕೆ ಸಮಾನಾಂತರವಾದಾಗ ಎರಡು ಚುಕ್ಕೆಗಳೂ ನೆಲ ಬಿಟ್ಟು ಗೋಡೆಗಳ ಮೇಲೆ ಕಾಣುತ್ತವೆ. ಮತ್ತಷ್ಟು ಮೇಲೇರಿದಾಗ ಹಿಡಿಯ ತುದಿಯ ಲೇಸರ್ ನೆಲಕ್ಕೆ ಬೀಳುತ್ತದೆ. ನಿಜವಾದ ಪರೀಕ್ಷೆ ಇದೇ. ಆ ಚುಕ್ಕೆ ಗೆರೆಯನ್ನು ದಾಟಿ ಆಚೆ ಬಿದ್ದರೆ ಕೋಲು ಅತಿಯಾಗಿ ಮಲಗಿದೆ ಎಂದರ್ಥ. ಗೆರೆಗೂ ನಿಮ್ಮ ಕಾಲಿಗೂ ನಡುವೆ ಬಿದ್ದರೆ ಕೋಲು ಅತಿಯಾಗಿ ನೆಟ್ಟಗಾಗಿದೆ. ಕೆಳಗಿಳಿಯುವಾಗಲೂ ಇದೇ ಲೆಕ್ಕ. ಬಲಗೈ ಆಟಗಾರರನ್ನು ಕಾಡುವ ಸ್ಲೈಸ್, ಎಂದರೆ ಚೆಂಡು ಬಲಕ್ಕೆ ಬಾಗಿ ಹೋಗುವ ರೋಗ, ಸಾಮಾನ್ಯವಾಗಿ ಹುಟ್ಟುವುದು ಈ ಇಳಿಯುವ ಆರಂಭದಲ್ಲೇ: ಬಲ ಹೆಗಲು ಮುಂದಕ್ಕೆ ನುಗ್ಗುತ್ತದೆ, ಕೋಲು ಕಡಿದಾಗುತ್ತದೆ, ಚುಕ್ಕೆ ಕಾಲಿನ ಕಡೆಗೆ ಜಿಗಿಯುತ್ತದೆ. ಹೆಗಲ ತಪ್ಪನ್ನು ತರಬೇತುದಾರ ನೂರು ಸಲ ಹೇಳಿದರೂ ಒಪ್ಪದವನು ಚುಕ್ಕೆಯ ಜಿಗಿತವನ್ನು ಒಂದೇ ಸಲಕ್ಕೆ ಒಪ್ಪುತ್ತಾನೆ. ನಾನಂತೂ ಹಾಗೆಯೇ ಒಪ್ಪಿದೆ.

ಮಳೆಗಾಲದ ಜಗಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಬಿಸಿಲಿನಲ್ಲಿ ಚುಕ್ಕೆ ಕಾಣುವುದೇ ಇಲ್ಲ, ಮೋಡದ ಮಬ್ಬಿನಲ್ಲಿ ಚೆನ್ನಾಗಿ ಕಾಣುತ್ತದೆ. ಹಳೆಯ ಮನೆಗಳ ತಗ್ಗು ಅಟ್ಟಕ್ಕೆ ಪೂರ್ಣ ಉದ್ದದ ಕ್ಲಬ್ ಬಡಿದೀತು, ತಲೆಯಿಲ್ಲದ ಗಿಡ್ಡ ಕೋಲು ಬಡಿಯದು. ಬಣ್ಣದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಕಣ್ಣು ಹಗಲಿನಲ್ಲಿ ಅತಿ ಹೆಚ್ಚು ಸ್ಪಂದಿಸುವುದು ಸುಮಾರು 555 ನ್ಯಾನೊಮೀಟರಿನ ಹಸಿರಿಗೆ. ಆದ್ದರಿಂದ ಸಮಾನ ಸಾಮರ್ಥ್ಯದ 532ರ ಹಸಿರು ಲೇಸರ್ 650ರ ಕೆಂಪು ಲೇಸರಿಗಿಂತ ಬಹಳ ಪ್ರಖರವಾಗಿ ತೋರುತ್ತದೆ. ಆದರೆ ನಮ್ಮ ಕೆಂಪು ಗಾರೆಯ ನೆಲ ಹಸಿರನ್ನು ಬಹುಪಾಲು ನುಂಗಿ ಕೆಂಪನ್ನು ಹಿಂದಿರುಗಿಸುತ್ತದೆ. ನಾನು ಗೆರೆಯ ಉದ್ದಕ್ಕೂ ಹಳೆಯ ಬಿಳಿ ಪಂಚೆ ಹಾಸಿ ಈ ಸಮಸ್ಯೆಯನ್ನೇ ದಾಟಿಬಿಟ್ಟೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೊದಲ ಮಳೆಗಾಲ ದಿನಕ್ಕೆ ಒಂದು ಗಂಟೆ, ಲೇಸರ್ ಸದಾ ಉರಿಯುತ್ತಿರುವಂತೆಯೇ ಬೀಸಿದೆ. ದಸರೆಯ ಹೊತ್ತಿಗೆ ಚುಕ್ಕೆ ಗೆರೆಯ ಮೇಲೆ ಇರುವೆ ನಡೆದ ಹಾಗೆ ನಡೆಯುತ್ತಿತ್ತು. ಮಳೆ ಬಿಟ್ಟ ಮೇಲೆ ಮೈದಾನಕ್ಕೆ ಹೋಗಿ ಹೊಡೆದ ಮೊದಲ ಚೆಂಡು ಬೇಲಿಯಾಚೆಯ ಗಿಡಗಳೊಳಗೆ ಹೋಯಿತು, ಎರಡನೆಯದು ಅದನ್ನು ಹುಡುಕಲು ಹೋದಂತೆ ಅಲ್ಲಿಗೇ ಹೋಯಿತು. ನನ್ನ ದೇಹ ಬೀಸನ್ನು ಕಲಿತಿರಲಿಲ್ಲ, ಚುಕ್ಕೆಯನ್ನು ಹಿಂಬಾಲಿಸುವುದನ್ನು ಕಲಿತಿತ್ತು. ಇದಕ್ಕೆ ವಿವರಣೆ ಬಹಳ ಹಿಂದೆಯೇ ಸಿದ್ಧವಾಗಿತ್ತು. ಸಾಲ್ಮೋನಿ, ಶ್ಮಿಟ್ ಮತ್ತು ವಾಲ್ಟರ್ ಎಂಬ ಮೂವರು ಸಂಶೋಧಕರು 1984ರಲ್ಲಿ ಅದುವರೆಗಿನ ಪ್ರಯೋಗಗಳನ್ನು ಪರಿಶೀಲಿಸಿ, ಪ್ರತಿ ಯತ್ನಕ್ಕೂ ಸಿಗುವ ಸುಳಿವು ಅಭ್ಯಾಸದ ಹೊತ್ತಿನಲ್ಲಿ ಕೈಹಿಡಿದು ನಡೆಸುತ್ತದೆ, ಆದರೆ ಅದನ್ನು ತೆಗೆದಾಗ ಕಲಿತವನು ತಡವರಿಸುತ್ತಾನೆ ಎಂಬ ವಾದವನ್ನು ಮುಂದಿಟ್ಟಿದ್ದರು.

ಹಾಗಾದರೆ ಲೇಸರ್ ನಿಷ್ಪ್ರಯೋಜಕವೇ? ಅಲ್ಲವೆನ್ನಲು ಇನ್ನೊಂದು ಆಧಾರವಿದೆ. ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಹೊಸಬರಿಗೆ ಗಾಲ್ಫಿನ ಪಿಚ್ ಹೊಡೆತ, ಎಂದರೆ ಚೆಂಡನ್ನು ಮೇಲಕ್ಕೆತ್ತಿ ಹತ್ತಿರದಲ್ಲೇ ಬೀಳಿಸುವ ಹೊಡೆತ, ಕಲಿಸುವಾಗ, ತೋಳುಗಳ ಚಲನೆಗೆ ಗಮನ ಕೊಟ್ಟವರಿಗಿಂತ ಕ್ಲಬ್ಬಿನ ಚಲನೆಗೆ ಗಮನ ಕೊಟ್ಟವರು ಹೆಚ್ಚು ನಿಖರವಾಗಿ ಹೊಡೆದದ್ದನ್ನು ಕಂಡರು. ಮೊಣಕೈ, ಸೊಂಟ, ಹೆಗಲು ಎಂದು ಮೈಯೊಳಗೇ ಸುತ್ತುವ ಮನಸ್ಸನ್ನು ಲೇಸರ್ ಹೊರಗಿನ ಒಂದು ಗುರುತಿಗೆ ಎಳೆದು ತರುತ್ತದೆ. ಅದರ ದೊಡ್ಡ ಉಪಕಾರ ಇದು. ಎರಡನ್ನೂ ಸೇರಿಸಿ ನಾನು ಕಂಡುಕೊಂಡ ಪದ್ಧತಿ ಗಾರೆ ಕೆಲಸದವರದ್ದು. ಅವರು ಕಲ್ಲನ್ನಿಟ್ಟ ಮೇಲೆ ತೂಗುಗುಂಡು ಬಿಟ್ಟು ನೋಡುತ್ತಾರೆ, ಗುಂಡನ್ನು ಹಿಡಿದುಕೊಂಡೇ ಕಲ್ಲನ್ನಿಡುವುದಿಲ್ಲ. ಲೇಸರ್ ಆರಿಸಿ ನಿಧಾನವಾಗಿ ಬೀಸಿ, ಅರ್ಧದಲ್ಲಿ ನಿಂತು, ಚುಕ್ಕೆ ಎಲ್ಲಿ ಬೀಳಬಹುದೆಂದು ಮನಸ್ಸಿನಲ್ಲೇ ಹೇಳಿಕೊಂಡು, ಆಮೇಲೆ ಗುಂಡಿ ಒತ್ತಬೇಕು. ಊಹೆಗೂ ಚುಕ್ಕೆಗೂ ಇರುವ ಅಂತರ ಕಡಿಮೆಯಾಗುತ್ತ ಬಂದ ಹಾಗೆ ಗುಂಡಿ ಒತ್ತುವುದನ್ನೂ ಕಡಿಮೆ ಮಾಡಬೇಕು: ಮೂರಕ್ಕೊಂದು, ಐದಕ್ಕೊಂದು, ಹತ್ತಕ್ಕೊಂದು.

ಲೇಸರ್ ಹೇಳದ ಸಂಗತಿಯೂ ಒಂದಿದೆ. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಕ್ಲಬ್ಬಿನ ಮುಖ, ಎಂದರೆ ಚೆಂಡಿಗೆ ತಾಗುವ ಮೈ, ತಿರುಗಿರುವ ದಿಕ್ಕು. ಮುಖಕ್ಕೂ ಬೀಸಿನ ದಾರಿಗೂ ಇರುವ ವ್ಯತ್ಯಾಸ ಚೆಂಡನ್ನು ಬಾಗಿಸುತ್ತದೆ. ಎರಡು ತುದಿಯ ಕೋಲಿಗೆ ಮುಖವೇ ಇಲ್ಲ, ಆದ್ದರಿಂದ ಗೆರೆ ಅಚ್ಚುಕಟ್ಟಾಗಿದ್ದೂ ಮುಖ ಬಲಕ್ಕೆ ತೆರೆದಿದ್ದರೆ ಸ್ಲೈಸ್ ಹಾಗೆಯೇ ಉಳಿಯುತ್ತದೆ.

ಮುಖವನ್ನು ನೋಡುವ ಲೇಸರ್ ಪಟ್ಟರಿಗೆ, ಎಂದರೆ ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್ಬಿಗೆ, ಸಿಗುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಹಣಕ್ಕೆ ತಕ್ಕ ಫಲ ಅದರಲ್ಲೇ ಹೆಚ್ಚು. ಮೂರು ಮೀಟರ್ ದೂರದ ಕುಳಿಗೆ ಮುಖ ಒಂದು ಡಿಗ್ರಿ ತಪ್ಪಿದರೆ ಚೆಂಡು ನಡುಗೆರೆಯಿಂದ 5.2 ಸೆಂಟಿಮೀಟರ್ ಸರಿಯುತ್ತದೆ. ಕುಳಿಯ ಅರ್ಧ ಅಗಲ 5.4. ಒಂದು ಡಿಗ್ರಿಗೆ ಅಂಚಿನ ಮೇಲೆ, ಎರಡಕ್ಕೆ ಪೂರ್ತಿ ಹೊರಗೆ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕು ಸುತ್ತು ಆಡಿ ಕಂಚನ್ನು ಕಳೆದುಕೊಂಡದ್ದು ಒಂದೇ ಹೊಡೆತದಿಂದ ಎಂಬುದನ್ನು ನೆನೆದರೆ ಈ ಮಿಲಿಮೀಟರುಗಳ ಬೆಲೆ ತಿಳಿಯುತ್ತದೆ. ಇಲ್ಲಿಯೂ ಕ್ರಮ ಅದೇ: ಕಣ್ಣಳತೆಯಿಂದ ಗುರಿ ಹಿಡಿದು ನಿಂತ ಮೇಲೆಯೇ ಬೆಳಕು. ನನ್ನ ಪಟ್ಟರ್ ಸದಾ ಎಡಕ್ಕೆ ನೋಡುತ್ತಿತ್ತು. ನಾನು ಮಾತ್ರ ವರ್ಷಗಟ್ಟಲೆ ಗ್ರೀನಿನ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ) ಇಳಿಜಾರನ್ನು ದೂರುತ್ತಿದ್ದೆ.

ಶಾಲೆಯ ದೈಹಿಕ ಶಿಕ್ಷಕರು ಕೆಲವರು ಬಂದಿದ್ದೀರಿ. ಕೊಳ್ಳಲೇಬೇಕೆಂದಿಲ್ಲ, ನೇರವಾದ ಅಲ್ಯೂಮಿನಿಯಂ ಕೊಳವೆಗೆ ಪಾಯಿಂಟರ್ ಕಟ್ಟಿಯೂ ಮಾಡಿಕೊಳ್ಳಬಹುದು. ಆದರೆ ಕಿರಣ ಕೊಳವೆಗೆ ನೇರವಾಗಿದೆಯೇ ಎಂದು ಮೊದಲು ಪರೀಕ್ಷಿಸಿ: ಕೊಳವೆಯನ್ನು ಮರದ ತುಂಡಿನ ತೋಡಿನಲ್ಲಿಟ್ಟು, ಅದರ ಅಕ್ಷದ ಮೇಲೆಯೇ ನಿಧಾನವಾಗಿ ತಿರುಗಿಸಿ, ದೂರದ ಗೋಡೆಯ ಚುಕ್ಕೆಯನ್ನು ನೋಡಿ. ಚುಕ್ಕೆ ವೃತ್ತ ಬರೆದರೆ ಕಿರಣ ಓರೆಯಾಗಿದೆ. ನಿಂತಲ್ಲೇ ನಿಂತರೆ ಸರಿಯಾಗಿದೆ. ಮಕ್ಕಳ ಕೈಗೆ ಕೊಡುವುದಾದರೆ ಒಂದು ಮಿಲಿವಾಟಿಗೆ ಮೀರದ ಎರಡನೆಯ ವರ್ಗದ ಲೇಸರ್ ಮಾತ್ರ. ಅಗ್ಗದ ಹಸಿರು ಪಾಯಿಂಟರುಗಳಲ್ಲಿ ಶೋಧಕ (ಫಿಲ್ಟರ್) ಇಲ್ಲದಿದ್ದರೆ ಕಣ್ಣಿಗೆ ಕಾಣದ ಅವಗೆಂಪು ಕಿರಣವೂ ಸೋರುತ್ತದೆ, ಕಾಣದ್ದರಿಂದ ರೆಪ್ಪೆ ಮುಚ್ಚಿಕೊಳ್ಳುವುದೂ ಇಲ್ಲ. ಬೀಸುವ ಕಡೆ ಕನ್ನಡಿ, ಗಾಜಿನ ಕಪಾಟು, ಹೊಳೆಯುವ ಸ್ಟೀಲ್ ಪಾತ್ರೆ ಇರಕೂಡದು.

ನಿಯಮದ ಮಾತು ಚಿಕ್ಕದು. ದೂರ ಅಳೆಯುವ ಲೇಸರ್ ಯಂತ್ರಕ್ಕೆ 2019ರ ನಿಯಮಗಳಲ್ಲಿ ಸಾಮಾನ್ಯವಾಗಿ ಅವಕಾಶವಿದೆ. ಬೀಸು ತಿದ್ದುವ ಉಪಕರಣವನ್ನು ಸುತ್ತಿನ ನಡುವೆ ಬಳಸಿದರೆ ದಂಡ, ಮತ್ತೆ ಬಳಸಿದರೆ ಅನರ್ಹತೆ.

ಈಗ ಟ್ಯೂಬ್‌ಲೈಟ್ ಆರಿಸೋಣ. ಪಂಚೆ ಹಾಸಿದೆ, ಗೆರೆ ಎಳೆದಿದೆ. ಮೊದಲು ಬರುವವರು ಮುಂದೆ ಬನ್ನಿ. ಲೇಸರಿನ ಗುಂಡಿ ನನ್ನ ಕೈಯಲ್ಲೇ ಇರುತ್ತದೆ, ಚುಕ್ಕೆ ಎಲ್ಲಿ ಬೀಳುತ್ತದೆಂದು ನೀವು ಬಾಯಿಬಿಟ್ಟು ಹೇಳುವವರೆಗೂ ನಾನದನ್ನು ಒತ್ತುವುದಿಲ್ಲ.