ಮಕ್ಕಳು ಮೊದಲೋ, ಟೀಚರ್ ಮೊದಲೋ?

ಎಲ್ಲರಿಗೂ ನಮಸ್ಕಾರ. ಅಂಗನವಾಡಿ ಕಾರ್ಯಕರ್ತೆಯರು ಜಾಸ್ತಿ ಬಂದಿದ್ದೀರಿ, ಅಪ್ಪ-ಅಮ್ಮಂದಿರು ಕಡಿಮೆ. ವಾರದ ಮಧ್ಯೆ ಕೂಲಿ ಬಿಟ್ಟು ಗೋಣಿಕೊಪ್ಪಕ್ಕೆ ಬರುವುದು ಸುಲಭ ಅಲ್ಲ, ನನಗೆ ಗೊತ್ತು.

ನನ್ನ ಕೈಯಲ್ಲಿರುವುದು ಒಂದು ಹಳೆಯ ದಾಖಲಾತಿ ಪುಸ್ತಕ. ನಾನು ವಿಶೇಷ ಶಿಕ್ಷಕಿಯಾಗಿ ಕೆಲಸ ಮಾಡಿದ ಒಂದು ಕೇಂದ್ರದ್ದು. ಸರ್ಕಾರಿ ಶಾಲೆಯ ಪಕ್ಕದಲ್ಲೇ ಒಂದು ಕೋಣೆ. ಮೂರರಿಂದ ಆರು ವರ್ಷದ, ವಿಶೇಷ ಅಗತ್ಯವಿರುವ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ, ಈ ಪುಟದಲ್ಲಿ ಏಳು ಹೆಸರು ಪೆನ್ನಿನಲ್ಲಿವೆ, ಆರು ಪೆನ್ಸಿಲ್‌ನಲ್ಲಿ. ಪೆನ್ನಿನವು ದಿನಾ ಬರುತ್ತಿದ್ದ ಮಕ್ಕಳದ್ದು. ಪೆನ್ಸಿಲ್‌ನವು ಒಂದು ದಿನ ಅಮ್ಮನ ಸೊಂಟದ ಮೇಲೆ ಬಂದು, ಕೋಣೆ ನೋಡಿ, 'ಮುಂದಿನ ವಾರ ಕರ್ಕೊಂಡು ಬರ್ತೀನಿ ಟೀಚರ್' ಅಂತ ಹೇಳಿಸಿಕೊಂಡು ಹೋದ ಮಕ್ಕಳದ್ದು. ಅವರು ಬಂದ ಮೇಲೆ ಪೆನ್ನಿನಲ್ಲಿ ತಿದ್ದೋಣ ಅಂತ ಕಾಯುತ್ತಿದ್ದೆ.

ತಪಾಸಣೆಗೆ ಬಂದವರು ಪೆನ್ನಿನ ಹೆಸರು ಮಾತ್ರ ಎಣಿಸಿದರು. 'ಏಳು ಮಕ್ಕಳಿಗೆ ಒಬ್ಬರು ಸಾಕಲ್ವಾ ಮೇಡಂ? ಸಂಖ್ಯೆ ಜಾಸ್ತಿ ಆಗಲಿ, ಆಮೇಲೆ ಇನ್ನೊಬ್ಬರನ್ನು ಕೇಳಿ.' ಅವರು ಕೆಟ್ಟವರೇನಲ್ಲ. ಅವರ ಫಾರಂನಲ್ಲಿ ಇದ್ದದ್ದು ಒಂದೇ ಕಾಲಂ. ಆದರೆ ಆ ಆರು ಅಮ್ಮಂದಿರು ಯಾಕೆ ವಾಪಸ್ ಬರಲಿಲ್ಲ? ಕೋಣೆಯಲ್ಲಿ ಒಬ್ಬಳೇ ಟೀಚರ್ ಇದ್ದದ್ದನ್ನು ಅವರು ನೋಡಿದ್ದರು. ನನ್ನ ಮಗುವನ್ನು ಇಲ್ಲಿ ಯಾರು ಹಿಡಿದುಕೊಳ್ಳುತ್ತಾರೆ ಅಂತ ಲೆಕ್ಕ ಹಾಕಿ ಹೋದರು. ಮಕ್ಕಳಿಲ್ಲ ಅಂತ ಟೀಚರ್ ಕೊಡುವುದಿಲ್ಲ, ಟೀಚರ್ ಇಲ್ಲ ಅಂತ ಮಕ್ಕಳು ಬರುವುದಿಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ ವಿಷಯ. ಈ ಗಂಟನ್ನು ಟೀಚರ್ ಕಡೆಯಿಂದಲೇ ಬಿಚ್ಚಬೇಕು.

ಏಳು ಮಕ್ಕಳಿಗೆ ಒಬ್ಬರು ಸಾಕಾಗುತ್ತಾ? ಒಂದು ಬೆಳಿಗ್ಗೆ ಹೇಳುತ್ತೇನೆ, ನೀವೇ ನೋಡಿ.

ಹತ್ತರಿಂದ ಒಂದರವರೆಗೆ ನಮ್ಮ ಕೇಂದ್ರ. ಅಂದರೆ 180 ನಿಮಿಷ. ನಾಲ್ಕು ವರ್ಷದ ಒಬ್ಬ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈ-ಕೈ ಹಿಡಿತಕ್ಕೆ ಸಿಗದ ಸ್ಥಿತಿ. ಆಸರೆ ಇಲ್ಲದೆ ಕೂರಲು ಆಗುತ್ತಿರಲಿಲ್ಲ. ಅವನಿಗೆ ಗಂಜಿ ಕುಡಿಸುವುದು ಒಂದು ವಿದ್ಯೆ. ತಲೆ ಹಿಂದಕ್ಕೆ ಬೀಳಬಾರದು, ಗದ್ದ ಸ್ವಲ್ಪ ಕೆಳಗಿರಬೇಕು. ಚಮಚ ತುಂಬಾ ಮೇಲಿಂದ ಬರಬಾರದು. ಒಂದು ಚಮಚ ಕೊಟ್ಟು ಗಂಟಲು ನೋಡಬೇಕು. ನುಂಗಿದನಾ? ನುಂಗಿದ ಮೇಲೆ ಇನ್ನೊಂದು. ಅವಸರ ಮಾಡಿದರೆ ಗಂಜಿ ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಸಣ್ಣ ಲೋಟ ಮುಗಿಯಲು 35 ನಿಮಿಷ. ಅದೇ ಹೊತ್ತಿಗೆ ಇನ್ನೊಬ್ಬ ಹುಡುಗನಿಗೆ ಬಾಗಿಲು ಕಂಡರೆ ಓಡುವ ಅಭ್ಯಾಸ. ಹೊರಗೆ ರಸ್ತೆ, ಅದರ ಮೇಲೆ ಮರದ ದಿಮ್ಮಿ ಹೊತ್ತ ಲಾರಿಗಳು. ಹಾಗಾಗಿ ನಾನು ಬಾಗಿಲಿಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತು ಗಂಜಿ ಕುಡಿಸುತ್ತಿದ್ದೆ. ಬಾಗಿಲಿಗೆ ಬೋಲ್ಟ್ ನಾನೇ. ಆಗ ಮೂರನೆಯವಳು ಬಟ್ಟೆ ಒದ್ದೆ ಮಾಡಿಕೊಂಡು ಬಂದು ನಿಂತರೆ? ಬಂದು ನಿಂತಳು ಅಂದರೆ ದೊಡ್ಡ ವಿಷಯ. ಒದ್ದೆಯಾಗಿದೆ ಅಂತ ತಿಳಿಸಲು ಅವಳು ಆರು ತಿಂಗಳು ಕಲಿತಿದ್ದಳು. ಆ ದಿನ ಅವಳು ಕಾದು ಕಾದು ಮೂಲೆಗೆ ಹೋಗಿ ಕೂತಳು. ಮುಂದಿನ ವಾರದಿಂದ ಹೇಳುವುದನ್ನೇ ಬಿಟ್ಟಳು.

ಆವತ್ತು ಕೋಣೆಯಲ್ಲಿ ಒಬ್ಬ ಆಯಾ ಇದ್ದಿದ್ದರೆ ಸಾಕಿತ್ತು. ಥೆರಪಿಸ್ಟ್ ಬೇಡ, ಡಿಗ್ರಿ ಬೇಡ. ನಮ್ಮಲ್ಲಿ ಸಿಬ್ಬಂದಿ ಅಂದ ಕೂಡಲೇ ದೊಡ್ಡ ಹುದ್ದೆಗಳ ಮಾತು ಬರುತ್ತದೆ. ಒದ್ದೆ ಚಡ್ಡಿ ಬದಲಿಸುವ ಕೈ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ. ಮೂರರಿಂದ ಆರು ವರ್ಷದವರ ಬಗ್ಗೆ ಅದರ 11ನೇ ಸೆಕ್ಷನ್‌ನಲ್ಲಿ ಒಂದು ಮಾತಿದೆ, ಸರ್ಕಾರ ವ್ಯವಸ್ಥೆ ಮಾಡಬಹುದು ಅಂತ. 'ಮಾಡಬೇಕು' ಅಲ್ಲ, 'ಮಾಡಬಹುದು'. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂತು. ಹಳೆಯ 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, ಇದರಲ್ಲಿ 21 ಆಯಿತು. ಒಳ್ಳೆಯದೇ. ಆದರೆ ಶೇ 40ಕ್ಕಿಂತ ಕಡಿಮೆ ಇಲ್ಲದ ವೈಕಲ್ಯವಿರುವ ಮಕ್ಕಳಿಗೆ ಉಚಿತ ಶಿಕ್ಷಣ ಕೊಡುವ 31ನೇ ಸೆಕ್ಷನ್ ಶುರುವಾಗುವುದು ಅಲ್ಲೂ ಆರು ವರ್ಷಕ್ಕೇ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಶಿಕ್ಷಕರ ಅನುಪಾತದ ಬಗ್ಗೆ ತೀರ್ಪು ಕೊಟ್ಟಿತು. ಒಂದರಿಂದ ಐದನೇ ತರಗತಿವರೆಗೆ ಇಂಥ 10 ಮಕ್ಕಳಿಗೆ ಒಬ್ಬರು, ಆರರಿಂದ ಎಂಟಕ್ಕೆ 15 ಮಕ್ಕಳಿಗೆ ಒಬ್ಬರು. 2025ರ ಮಾರ್ಚ್‌ನಲ್ಲಿ, ಹುದ್ದೆ ಮಂಜೂರು ಮಾಡಿ ಅಧಿಸೂಚನೆ ಹೊರಡಿಸಿ ಅಂತ ರಾಜ್ಯಗಳಿಗೆ ಮತ್ತೆ ಹೇಳಿತು. ಇಲ್ಲೂ ಲೆಕ್ಕ ಶುರುವಾಗುವುದು ಒಂದನೇ ತರಗತಿಯಿಂದ. ಮೂರು ಕಡೆ ನೋಡಿದರೂ ಆರಕ್ಕಿಂತ ಕೆಳಗೆ ಖಾಲಿ.

ಆದರೆ ಮಿದುಳು ಅತಿ ವೇಗವಾಗಿ ಬೆಳೆಯುವುದು ಆ ಖಾಲಿ ಜಾಗದಲ್ಲೇ. ಕಿವಿ ಕೇಳದ ಮಗುವಿಗೆ ಒಂದು ವರ್ಷದೊಳಗೆ ಉಪಕರಣ ಹಾಕಿ ಮಾತು ಕಲಿಸಿದರೆ ಒಂದು ದಾರಿ, ಆರು ವರ್ಷಕ್ಕೆ ಹಾಕಿದರೆ ಬೇರೆಯೇ ದಾರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳಿಗೇ ಶಾಲಾಪೂರ್ವ ತರಗತಿಗಳಿವೆ. ಅಲ್ಲಿ ಅಮ್ಮಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ. ನಮ್ಮ ಕೊಡಗು ಜಿಲ್ಲೆಯಿಂದಲೂ ಹೋಗುತ್ತಾರೆ. ಹೋಗಲು ಆಗುವವರು ಹೋಗುತ್ತಾರೆ ಅನ್ನಬೇಕು. ಕುಟ್ಟದಿಂದಲೋ ಬಾಳೆಲೆಯಿಂದಲೋ ಒಂದು ಮಗುವನ್ನು ಎತ್ತಿಕೊಂಡು ಮೈಸೂರಿಗೆ ಹೋಗಿ ಬಂದರೆ ಒಂದಿಡೀ ದಿನ, ಜೊತೆಗೆ ಒಂದು ದಿನದ ಕೂಲಿ.

ಹಾಗಾದರೆ ನಮ್ಮಲ್ಲಿ ಇಂಥ ಮಕ್ಕಳು ಎಷ್ಟಿದ್ದಾರೆ? 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಆರು ವರ್ಷದವರೆಗಿನ ಮಕ್ಕಳಲ್ಲಿ ಅಂಗವೈಕಲ್ಯ ಇರುವವರು ಶೇ 1.24. ನನ್ನ ಪ್ರಕಾರ ಇದು ಕಡಿಮೆ ಲೆಕ್ಕ. ಎರಡು ವರ್ಷದ ಮಗುವಿಗೆ ಬುದ್ಧಿ ಬೆಳವಣಿಗೆ ನಿಧಾನ ಅಂತ ಗಣತಿಗೆ ಬಂದವರಿಗೆ ಯಾವ ಅಮ್ಮ ಹೇಳುತ್ತಾಳೆ? ಆದರೂ ಅದನ್ನೇ ಇಟ್ಟುಕೊಂಡು ಸುಮ್ನೆ ಒಂದು ಗುಣಾಕಾರ ಮಾಡಿ. ನಿಮ್ಮ ಅಂಗನವಾಡಿಯಲ್ಲಿ 25 ಮಕ್ಕಳಿದ್ದಾರೆ ಅಂದುಕೊಳ್ಳಿ. 80 ಮಕ್ಕಳಿಗೆ ಒಬ್ಬರು ಅಂದರೆ, ಮೂರು ಅಂಗನವಾಡಿಗೆ ಒಂದು ಮಗು. ಒಂದು ಅಂಗನವಾಡಿಯಲ್ಲಿ ಕೂತು ನೋಡಿದರೆ 'ನಮ್ಮಲ್ಲಿ ಯಾರೂ ಇಲ್ಲ' ಅನಿಸುತ್ತದೆ, ತಪ್ಪೂ ಅಲ್ಲ. ಅಕ್ಕಪಕ್ಕದ 30 ಅಂಗನವಾಡಿ ಸೇರಿಸಿದರೆ ಒಂಬತ್ತು ಮಕ್ಕಳು ಸಿಗುತ್ತಾರೆ. ಅದು ಒಂದು ಕೇಂದ್ರ. ಇಬ್ಬರು ಶಿಕ್ಷಕಿಯರು, ಇಬ್ಬರು ಆಯಾಗಳು ಇರಬೇಕಾದ ಕೇಂದ್ರ.

ಅಧಿಕಾರಿಗಳು 'ಒಂಬತ್ತೇ ಮಕ್ಕಳಾ?' ಅಂತ ಕೇಳಿದರೆ ನಮ್ಮ ಹತ್ತಿರ ಉತ್ತರ ಇದೆ. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಯಿತು. ಇವತ್ತಿನ ಅದರ ನಿಯಮ ನೋಡಿ. ಬಯಲು ಸೀಮೆಯಲ್ಲಿ ಒಂದು ಅಂಗನವಾಡಿಗೆ 400 ಜನಸಂಖ್ಯೆ ಬೇಕು, ಬೆಟ್ಟ-ಗುಡ್ಡ, ಆದಿವಾಸಿ ಪ್ರದೇಶದಲ್ಲಿ 300 ಸಾಕು. 150 ಇದ್ದರೂ ಮಿನಿ ಅಂಗನವಾಡಿ ಕೊಡಬಹುದು. ಗುಡ್ಡದಲ್ಲಿ ತಲೆ ಎಣಿಕೆ ಸಡಿಲ ಇರಬೇಕು ಅಂತ ಸರ್ಕಾರವೇ ಒಪ್ಪಿದೆ. ಕೊಡಗಿನಲ್ಲಿ ಅದೇ ಜನಗಣತಿಯಂತೆ ಚದರ ಕಿಲೋಮೀಟರಿಗೆ 135 ಜನ. ರಾಜ್ಯದಲ್ಲೇ ಅತಿ ಕಡಿಮೆ ಜನ ಇರುವ ಜಿಲ್ಲೆ ಇದು. ಸಾಮಾನ್ಯ ಮಕ್ಕಳಿಗೆ ಕೊಟ್ಟ ಸಡಿಲಿಕೆ ಈ ಮಕ್ಕಳಿಗೆ ಯಾಕಿಲ್ಲ?

ದಾಖಲಾತಿಗೆ ಇನ್ನೊಂದು ಕಷ್ಟ ಇದೆ. ಅದು ಯಾವ ತಿಂಗಳು ಎಣಿಸುತ್ತೀರಿ ಅನ್ನುವುದು. ಜುಲೈಯಲ್ಲಿ ಎಣಿಸಿದರೆ ಮಳೆ, ಅರ್ಧ ಮಕ್ಕಳಿಲ್ಲ. ಜನವರಿಯಲ್ಲಿ ಎಣಿಸಿದರೆ ಕಾಫಿ ಕೊಯ್ಲು. ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ ಅಮ್ಮ ಬೆಳಿಗ್ಗೆಯೇ ತೋಟಕ್ಕೆ ಹೋಗುತ್ತಾಳೆ. ಮಗು ಗಿಡದ ಬುಡದಲ್ಲಿ, ಗೋಣಿಚೀಲದ ಮೇಲೆ. ಕೊಯ್ದ ಕಿಲೋಗೆ ಇಷ್ಟು ಅಂತ ದುಡ್ಡು ಸಿಗುವ ದಿನಗಳು ಅವು. ಆಗ ಕೇಂದ್ರಕ್ಕೆ ಬಾ ಅಂತ ಕರೆಯಲು ನನಗೇ ನಾಚಿಕೆಯಾಗುತ್ತಿತ್ತು. ಆನೆ ಬಂದ ಸುದ್ದಿ ಇದ್ದರೆ ಬೇರೆ ಹೇಳಬೇಕಿಲ್ಲ. ಮಕ್ಕಳು ನಿಯಮಿತವಾಗಿ ಸಿಗುತ್ತಿದ್ದದ್ದು ಸೆಪ್ಟೆಂಬರ್‌ನಿಂದ ಪುತ್ತರಿವರೆಗೆ, ನವೆಂಬರ್-ಡಿಸೆಂಬರ್‌ನಲ್ಲಿ ಬರುವ ನಮ್ಮ ಸುಗ್ಗಿ ಹಬ್ಬದವರೆಗೆ. ಆದರೆ ನಮ್ಮ ಸಂಖ್ಯೆ ಹೋಗುತ್ತಿದ್ದದ್ದು ಜೂನ್‌ನ ಪಟ್ಟಿಯಿಂದ!

ಅಮೆರಿಕದ ವ್ಯವಸ್ಥೆ ಬಗ್ಗೆ ಒಂದು ಮಾತು, ಹೊಗಳಲಿಕ್ಕಲ್ಲ. ಅಲ್ಲಿ 1986ರ ತಿದ್ದುಪಡಿಯಿಂದ ಮೂರರಿಂದ ಐದು ವರ್ಷದ ಅಂಗವಿಕಲ ಮಕ್ಕಳ ಶಿಕ್ಷಣವೂ ಸರ್ಕಾರಿ ಶಾಲೆಗಳ ಹೊಣೆಯಾಯಿತು. ಆರಂಭಿಕ ನೆರವು ಪಡೆಯುತ್ತಿದ್ದ ಮಗುವಿಗೆ ಮೂರನೇ ಹುಟ್ಟುಹಬ್ಬದ ದಿನಕ್ಕೆ ಅದರದ್ದೇ ಕಲಿಕಾ ಯೋಜನೆ ತಯಾರಿರಬೇಕು. ಹುಟ್ಟುಹಬ್ಬ ವರ್ಷವಿಡೀ ಬರುತ್ತವಲ್ಲ, ಹಾಗಾಗಿ ಮಕ್ಕಳು ವರ್ಷವಿಡೀ ಸೇರುತ್ತಾರೆ. ಶುರುವಿನಲ್ಲಿ ಕುರ್ಚಿ ಖಾಲಿ ಕಂಡರೂ ಟೀಚರನ್ನು ಇಟ್ಟುಕೊಂಡೇ ಇರಬೇಕಾಗುತ್ತದೆ. ನಮಗೆ ಬೇಕಾದ ಪಾಠ ಇಷ್ಟೇ. ಉಳಿದದ್ದು ಅವರ ದುಡ್ಡಿನ ಕಥೆ.

ಇನ್ನು ಮಕ್ಕಳನ್ನು ಗುರುತಿಸುವ ಕೆಲಸ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ನಿಮ್ಮ ಅಂಗನವಾಡಿಗೆ ಬರಬೇಕು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ದಿವ್ಯಾಂಗ ಮಕ್ಕಳಿಗಾಗಿ ಅಂಗನವಾಡಿ ಮಾರ್ಗಸೂಚಿ ತಂದಿದೆ. ಲಕ್ಷಣ ಗುರುತಿಸಿ, ಮಗುವನ್ನು ಎಲ್ಲರ ಜೊತೆ ಸೇರಿಸಿ, ಮುಂದಕ್ಕೆ ಕಳಿಸಿ ಅಂತ. ಕಳಿಸಿದ ಮೇಲೆ ಅದು ಹೋಗಿ ಕೂರುವ ಕೋಣೆ ಎಲ್ಲಿ ಅನ್ನುವುದು ನನ್ನ ಪ್ರಶ್ನೆ. ಜಿಲ್ಲಾ ಮಟ್ಟದ ಆರಂಭಿಕ ಪತ್ತೆ ಕೇಂದ್ರ ಅಂದರೆ ಆಸ್ಪತ್ರೆ. ಅಲ್ಲಿ ಪರೀಕ್ಷೆ ಮಾಡುತ್ತಾರೆ, ಥೆರಪಿ ಕೊಡುತ್ತಾರೆ. ದಿನಾ ಬಂದು ಆಡಿ ಕಲಿಯುವ ಜಾಗ ಅಲ್ಲ ಅದು.

ಗುರುತಿಸುವಾಗ ಒಂದು ಎಚ್ಚರ. ಒಂದು ಸಲ ಮೂರೂವರೆ ವರ್ಷದ, ಯರವ ಬುಡಕಟ್ಟಿನ ಹುಡುಗಿಯನ್ನು 'ಮಾತು ಬರುವುದಿಲ್ಲ' ಅಂತ ಬರೆದು ನಮ್ಮಲ್ಲಿಗೆ ಕಳಿಸಿದ್ದರು. ಎರಡು ದಿನ ಅವಳು ಬಾಯಿ ಬಿಡಲಿಲ್ಲ. ಮೂರನೇ ದಿನ ಅವಳ ಅಜ್ಜಿ ಬಂದರು. ಅಜ್ಜಿ ಕೂತ ಕೂಡಲೇ ಹುಡುಗಿ ಯರವ ಮಾತಿನಲ್ಲಿ ಒಂದೇ ಸಮ ದೂರು ಹೇಳಿದಳು, ನನ್ನ ಮೇಲೇ ಇರಬೇಕು. ಅವಳಿಗೆ ಬರದೇ ಇದ್ದದ್ದು ಕನ್ನಡ. ಅಸ್ಸಾಂನಿಂದ ತೋಟಕ್ಕೆ ಬಂದವರ ಮಕ್ಕಳಿಗೂ ಹೀಗೇ ಆಗುತ್ತದೆ. ಉಲ್ಟಾನೂ ಆಗುತ್ತದೆ. ನಿಜವಾಗಿ ಕಿವಿ ಕೇಳದ ಮಗುವನ್ನು 'ಅದಕ್ಕೆ ನಮ್ಮ ಭಾಷೆ ಗೊತ್ತಿಲ್ಲ ಬಿಡಿ' ಅಂತ ಬಿಟ್ಟುಬಿಡುತ್ತಾರೆ. ಇದು ಇನ್ನೂ ಅಪಾಯ. ಅದಕ್ಕೇ ನಾನು ಹೇಳುವುದು, ಕೇಂದ್ರದ ಆಯಾ ಅದೇ ಹಾಡಿಯವಳಾಗಲಿ, ಅದೇ ಲೈನಿನವಳಾಗಲಿ. ನನಗೆ ಎರಡು ದಿನ ಹಿಡಿದದ್ದು ಅವಳಿಗೆ ಎರಡು ನಿಮಿಷ.

ಟೀಚರ್ ನಿಲ್ಲುವುದಿಲ್ಲ ಅನ್ನುವ ದೂರೂ ಇದೆ. ನಿಜ. ವಿಶೇಷ ಶಿಕ್ಷಣದ ಡಿಪ್ಲೊಮಾ ಮಾಡಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡ ಹುಡುಗಿಯೊಬ್ಬಳು ಬಯಲು ಸೀಮೆಯಿಂದ ಜೂನ್‌ನಲ್ಲಿ ಬಂದು ಸೇರುತ್ತಾಳೆ. ಗುತ್ತಿಗೆ ಕೆಲಸ, ಗೌರವಧನ ಯಾವ ತಿಂಗಳು ಬರುತ್ತದೋ ಗೊತ್ತಿಲ್ಲ. ಬಾಡಿಗೆಗೆ ಮನೆ ಕೇಳಿದರೆ ಎಲ್ಲವೂ ಹೋಂಸ್ಟೇ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಆಗಸ್ಟ್‌ನಲ್ಲಿ ಊರಿಗೆ ಹೋದವಳು ವಾಪಸ್ ಬರುವುದಿಲ್ಲ. ಅವಳನ್ನು ಬೈದು ಏನು ಪ್ರಯೋಜನ? ನಮ್ಮ ಊರಿನ ಹುಡುಗಿಯರನ್ನೇ ಆ ಕೋರ್ಸಿಗೆ ಕಳಿಸಿ, ಮುಗಿಸಿ ಬಂದರೆ ಇಲ್ಲೇ ಕೆಲಸ ಅಂತ ಬರೆದುಕೊಟ್ಟರೆ ಒಂದು ದಾರಿ. ನಾನು ಎರಡು ಸಲ ಅರ್ಜಿ ಬರೆದಿದ್ದೇನೆ. ಉತ್ತರ ಬಂದಿಲ್ಲ, ಮೂರನೆಯದು ಬರೆಯುತ್ತಿದ್ದೇನೆ.

ಆ ಅರ್ಜಿಗೆ ನಿಮ್ಮ ಸಹಾಯ ಬೇಕು. ಟೀ ಕೊಡುವಾಗ ಒಂದೊಂದು ಚೀಟಿಯನ್ನೂ ಕೊಡುತ್ತಾರೆ. ನಿಮ್ಮ ವ್ಯಾಪ್ತಿಯಲ್ಲಿ ನಿಮಗೆ ಅನುಮಾನ ಇರುವ ಮಕ್ಕಳನ್ನು ಅದರಲ್ಲಿ ಬರೆಯಿರಿ. ಸರ್ಟಿಫಿಕೇಟ್ ಇಲ್ಲದಿದ್ದರೂ ಬರೆಯಿರಿ, ಒಂದೇ ದಿನ ಬಂದು ಹೋಗಿದ್ದರೂ ಬರೆಯಿರಿ. ಹೆಸರು ಬೇಡ. ವಯಸ್ಸು, ಮನೆಯಲ್ಲಿ ಆಡುವ ಭಾಷೆ, ಮನೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಎಷ್ಟು ದೂರ, ಇಷ್ಟು ಸಾಕು. ಪೆನ್ ಇಲ್ಲದವರಿಗೆ ಮುಂದಿನ ಮೇಜಿನ ಮೇಲೆ ಪೆನ್ಸಿಲ್ ಇಟ್ಟಿದ್ದೇವೆ. ಈ ಸಲ ಪೆನ್ಸಿಲ್‌ನಲ್ಲಿ ಬರೆದದ್ದನ್ನೂ ಎಣಿಸುತ್ತೇನೆ.