ಏರ್ ಹೋಸ್ ಮಡಿಕೆಯೊಳಗಿನ ಬಿರುಕು

ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್ ಬಾಡಿಗೆ (ಎಂಜಿನ್‌ಗೆ ಎಷ್ಟು ಗಾಳಿ ಬಿಡಬೇಕು ಅಂತ ನೋಡ್ಕೊಳ್ಳೋ ಬಾಗಿಲು) ಹೋಗೋ ಈ ಕಪ್ಪು ರಬ್ಬರ್ ಪೈಪೇ ಇಂಟೇಕ್ ಹೋಸ್. ಮೇಲಿಂದ ನೋಡಿದ್ರೆ ಏನೂ ಆಗಿಲ್ಲ ಅನ್ಸುತ್ತೆ. ಸ್ವಲ್ಪ ಬಗ್ಗಿಸೋಣ… ಮಡಿಕೆ ತಳ ನೋಡಿ, ಬಾಯಿ ಬಿಟ್ಕೊಂಡಿದೆ. ಬಿರುಕು ಹೆಚ್ಚಾಗಿ ಅವಿತು ಕೂರೋದು ಇಲ್ಲೇ, ಅದರಲ್ಲೂ ಕೆಳಮಗ್ಗುಲಲ್ಲಿ.

ಒಳಗೆ ಹೋಗೋ ಗಾಳಿ ಅಳೆಯೋ ಮಾಫ್ ಸೆನ್ಸರ್ ದಾಟಿದ ಮೇಲೆ ಹೋಸ್ ಹರಿದಿದ್ರೆ, ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತೆ. ಎಂಜಿನ್ ಕಂಪ್ಯೂಟರ್, ಅಂದ್ರೆ ಇಸಿಯು, ಸೆನ್ಸರ್ ಅಳೆದ ಗಾಳಿಗಷ್ಟೇ ಪೆಟ್ರೋಲ್ ಕೊಡುತ್ತೆ, ಮಿಕ್ಸ್ಚರ್ ಲೀನ್ ಆಗುತ್ತೆ, ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಐಡಲ್‌ನಲ್ಲಿ ಆರ್‌ಪಿಎಂ ಏರಿಳಿತ, ಆಕ್ಸಿಲರೇಟರ್ ಒತ್ತಿದ್ರೆ ತಡವರಿಕೆ, ಸ್ಕ್ಯಾನರ್‌ನಲ್ಲಿ ಪಿ0171 (ಮಿಕ್ಸ್ಚರ್ ಲೀನ್ ಅನ್ನೋ ಕೋಡ್). ಫ್ಯೂಯೆಲ್ ಟ್ರಿಮ್ (ಇಸಿಯು ಪೆಟ್ರೋಲ್ ಹೆಚ್ಚು ಕಮ್ಮಿ ಮಾಡೋ ಪ್ರಮಾಣ) ಐಡಲ್‌ನಲ್ಲಿ ಪ್ಲಸ್ 15–20 ಪರ್ಸೆಂಟ್ ಇದ್ದು, 2,500 ಆರ್‌ಪಿಎಂನಲ್ಲಿ ಇಳಿದ್ರೆ ಮೊದಲ ಗುಮಾನಿ ಗಾಳಿ ಲೀಕ್ ಮೇಲೆ.

ಥ್ರಾಟಲ್ ದಾಟಿದ ಮೇಲಿನ ಗಾಳಿ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ಮಾತ್ರ ಇರೋ ಕಾರುಗಳದ್ದು ಬೇರೆ ಕಥೆ. ಇದೇ ಹೋಸ್ ಹರಿದ್ರೂ ಚೆಕ್ ಎಂಜಿನ್ ಲೈಟ್ ಬರದೇ ಇರಬಹುದು, ಗಾಡಿ ಸುಮ್ನೆ ಓಡ್ತಿರುತ್ತೆ. ಫಿಲ್ಟರ್ ಕಾಣದ ಧೂಳು ನೇರ ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗ್ ತಿಂದುಹಾಕುತ್ತೆ. ನನ್ನ ಪ್ರಕಾರ ಲೈಟ್ ಬರೋ ಗಾಡಿಯೇ ವಾಸಿ.

ಸೋಪು ನೀರು ಹಾಕಿ ಗುಳ್ಳೆ ಹುಡುಕಬೇಡಿ. ಇದು ಗಾಳಿ ಎಳ್ಕೊಳ್ಳೋ ಕಡೆ, ಗುಳ್ಳೆ ಏಳಲ್ಲ. ಗಾಳಿಯನ್ನ ಒತ್ತಿ ಕಳಿಸೋ ಟರ್ಬೊ ದಾಟಿದ ಹೋಸಲ್ಲಾದ್ರೆ ಒಳಗೆ ಒತ್ತಡ ಇರುತ್ತೆ. ಅಲ್ಲಿ ಹೊರಗಡೆ ಎಣ್ಣೆ ಪಸೆ, ಎಳೆತ ಕಮ್ಮಿ, ಡೀಸೆಲ್ ಆದ್ರೆ ಕಪ್ಪು ಹೊಗೆ.

ಎಂಜಿನ್ ಆಫ್ ಮಾಡಿ, ತಣ್ಣಗಾಗ್ಲಿ. ಎರಡೂ ತುದಿಯ ಕ್ಲಿಪ್ ಸಡಿಲಿಸಿ, ಹೋಸಿಗೆ ಸೇರಿರೋ ಸಣ್ಣ ಬ್ರೀದರ್ ಪೈಪ್ ಬಿಡಿಸಿ. ಹೋಸನ್ನ ಎಳೀಬೇಡಿ, ತಿರುಗಿಸ್ತಾ ಬಿಡಿಸಿ. ಥ್ರಾಟಲ್ ಬಾಯಿಗೆ ಶುದ್ಧವಾದ ಬಟ್ಟೆ ತುರುಕಿ. ಮರೆತು ಒಳಗೇ ಬಿಡೋರೂ ಇದ್ದಾರೆ, ಅದಕ್ಕೇ ದೊಡ್ಡ ಬಟ್ಟೆ ಇರಲಿ.

ಗ್ಯಾರೇಜ್‌ವರೆಗೆ ಹೋಗೋಕಷ್ಟೇ ಅಂದ್ರೆ, ಎಣ್ಣೆ ಪಸೆ ಒರೆಸಿ, ತನಗೆ ತಾನೇ ಅಂಟ್ಕೊಳ್ಳೋ ಸಿಲಿಕೋನ್ ಸೆಲ್ಫ್ ಫ್ಯೂಸಿಂಗ್ ಟೇಪನ್ನ ಎಳೆದೆಳೆದು ಸುತ್ತಿ. ಎಂ-ಸೀಲ್ ಬೇಡ, ಅದು ಗಟ್ಟಿಯಾಗುತ್ತೆ, ಎಂಜಿನ್ ಅಲುಗಾಡಿದ್ರೆ ಪುಡಿ ಪುಡಿಯಾಗಿ ಒಳಗೇ ಹೋಗುತ್ತೆ.

ಹೊಸ ಹೋಸ್ ತುದಿ ಪೂರ್ತಿ ಕೂತ ಮೇಲೆ, ಕ್ಲಿಪ್ ಥ್ರಾಟಲ್ ಬಾಡಿ ಬಾಯಿಯ ಸುತ್ತ ಇರೋ ಉಬ್ಬಿಗಿಂತ ಒಳಗಡೆ ಬರಬೇಕು. ಹೋಸ್ ಕೈಯಲ್ಲಿ ತಿರುಗದಷ್ಟು ಬಿಗಿ ಸಾಕು, ಜಾಸ್ತಿಯಾದ್ರೆ ಪಟ್ಟಿ ರಬ್ಬರನ್ನೇ ಕೊಯ್ಯುತ್ತೆ. ಎಂಜಿನ್ ಹಿಡಿದಿಡೋ ರಬ್ಬರ್ ಮೌಂಟನ್ನೂ ನೋಡಿಸಿ. ಅದು ಕುಸಿದಿದ್ರೆ ಕ್ಲಚ್ ಬಿಟ್ಟಾಗಲೆಲ್ಲ ಎಂಜಿನ್ ತೂಗಾಡಿ, ಹೊಸ ಹೋಸೂ ಇದೇ ಮಡಿಕೆಯಲ್ಲಿ ಬಾಯಿ ಬಿಡುತ್ತೆ.